ಬೋರಲು ಹಾಕಲಾಗದ ಪಾತ್ರೆ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಸೋದರಮಾವ ಕೊಪ್ಪಳದ ಕಡೆಯಿಂದ ಬಂದಿದ್ದರು. ಮಧ್ಯಾಹ್ನ ಮೂರು ಗಂಟೆ. ಬಳ್ಳಾರಿಯಲ್ಲಿ ಆ ಹೊತ್ತಿಗೆ ಬಸ್ ಇಳಿದು ಆಟೋ ಹಿಡಿದು ಬಂದವರ ಮುಖ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಂದವರೇ ಬಚ್ಚಲಿಗೆ ಹೋಗಿ ಕೈಕಾಲು ತೊಳೆದು, ಮುಖಕ್ಕೆ ನಾಲ್ಕು ಸಲ ನೀರು ಎರಚಿಕೊಂಡರು. ನಾನು ಬೀರುವಿನಿಂದ ನೀಲಿ ಟವೆಲ್ ತೆಗೆದು ಕೊಟ್ಟೆ. ಅವತ್ತು ಬೆಳಿಗ್ಗೆಯಷ್ಟೇ ಮಾಳಿಗೆ ಮೇಲಿಂದ ತಂದು ಮಡಚಿಟ್ಟಿದ್ದು, ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಮಾವ ಅದನ್ನು ಮುಖಕ್ಕೆ ಒತ್ತಿಕೊಂಡರು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಟವೆಲನ್ನು ಮೆಲ್ಲಗೆ ಕುರ್ಚಿ ಮೇಲೆ ಹಾಕಿ, ಹೆಗಲ ಮೇಲಿದ್ದ ತಮ್ಮ ವಲ್ಲಿಯಿಂದಲೇ ಕುತ್ತಿಗೆ, ಕಿವಿ ಹಿಂದೆ ಎಲ್ಲ ಒರೆಸಿಕೊಂಡರು. ಏನೂ ಅನ್ನಲಿಲ್ಲ. "ಅಕ್ಕಾ, ಒಂದು ಚೊಂಬು ನೀರು ಕೊಡು" ಅಂತ ಅವ್ವನ ಕಡೆ ತಿರುಗಿದರು.

ಅವರು ಊಟಕ್ಕೆ ಕೂತ ಮೇಲೆ ನಾನು ಕಳ್ಳನ ಹಾಗೆ ಆ ಟವೆಲ್ ಎತ್ತಿ ಮೂಸಿದೆ. ಮುಗ್ಗಲು ವಾಸನೆ. ಒಲೆ ಕಟ್ಟೆ ಒರೆಸಿ ಮೂಲೆಗೆ ಒಗೆದ ಮಸಿ ಬಟ್ಟೆಯದೇ ವಾಸನೆ. ಅದರ ಮೇಲೆ ಯಾವುದೋ ಹೂವಿನ ಪರಿಮಳದ ಒಂದು ಪದರ ಬೇರೆ. ಬರೀ ಮುಗ್ಗಲಾಗಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಮುಚ್ಚಿಡೋಕೆ ನೋಡಿ ಸಿಕ್ಕಿಬಿದ್ದ ಹಾಗಾಯಿತು.

ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೆಲಸ ನನ್ನದು. ಹೆಂಡತಿಯ ಕೆಲಸ ಬೇರೆ ಊರಲ್ಲಿ, ವಾರಕ್ಕೆ ಎರಡು ದಿನ ಮನೆಗೆ ಬರುತ್ತಾಳೆ. ಅವ್ವನಿಗೆ ಮೊಣಕಾಲು ನೋವು. ಒಗೆಯೋದು ಅಂದರೆ ಏನು, ಮಷಿನ್ ಬಾಗಿಲು ತೆಗೆದು ತುಂಬೋದು, ಗುಂಡಿ ಒತ್ತೋದು. ಆದರೂ ನನಗೆ ಅದರ ಬಗ್ಗೆ ಒಂದು ಹೆಮ್ಮೆ ಇತ್ತು. ನಾಲ್ಕು ಜನರ ಮುಂದೆ "ಬಟ್ಟೆ ಎಲ್ಲ ನಾನೇ ಒಗೆಯೋದು" ಅಂತ ಹೇಳಿಕೊಳ್ಳುತ್ತಿದ್ದೆ. ಹಾಗಾಗಿ ಮಾವನ ವಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ತಾಗಿತು.

ಸಂಜೆ ಮಷಿನ್ ಬಾಗಿಲು ತೆಗೆದು ತಲೆ ಒಳಗೆ ಹಾಕಿದೆ. ಗಪ್ಪಂತ ಹೊಡೆಯಿತು ವಾಸನೆ. ಮಲೆನಾಡಿನ ಗೆಳೆಯರ ಮನೆಗೆ ಶ್ರಾವಣದಲ್ಲಿ ಹೋದಾಗ ಹಾಸಿಗೆ, ಕಂಬಳಿ, ಗೋಡೆ ಎಲ್ಲದರಿಂದ ಬರುತ್ತಿತ್ತಲ್ಲ, ಅದೇ. ಅಲ್ಲಿ ಸರಿ, ತಿಂಗಳುಗಟ್ಟಲೆ ಮಳೆ. ಬಳ್ಳಾರಿಗೆ ಎಲ್ಲಿಂದ ಬಂತು ಇದು? ಇಲ್ಲಿ ಜೀನ್ಸ್ ಪ್ಯಾಂಟು ಒಣಹಾಕಿ ಚಹಾ ಕುಡಿದು, ಪೇಪರ್ ಓದಿ ಬರುವಷ್ಟರಲ್ಲಿ ಒಣಗಿರುತ್ತದೆ. ಹಪ್ಪಳ ಸಂಡಿಗೆ ಒಂದೇ ದಿನಕ್ಕೆ ಡಬ್ಬಿ ಸೇರುತ್ತವೆ. ಬೂಸಲು ಅನ್ನೋ ಮಾತು ನಾವು ಉಪ್ಪಿನಕಾಯಿ ವಿಷಯಕ್ಕೆ ಬಿಟ್ಟರೆ ಬೇರೆ ಕಡೆ ಬಳಸೋದೇ ಇಲ್ಲ. ಇಂಥ ಊರಿನ ಇಂಥ ಮನೆಯ ಹಿಂದಿನ ಮೂಲೆಯಲ್ಲಿ, ಒಂದು ಬಿಳಿ ಡಬ್ಬಿಯ ಒಳಗೆ ಮಾತ್ರ ವರ್ಷಪೂರ್ತಿ ಆಗುಂಬೆ. ಅದನ್ನು ಅಲ್ಲಿ ಕಟ್ಟಿ ಸಾಕಿದ್ದು ಯಾರು ಅಂತ ತಿಳಿಯೋಕೆ ನನಗೆ ಸುಮಾರು ಎರಡು ತಿಂಗಳು ಬೇಕಾಯಿತು.

ಅತ್ತರು, ಕರ್ಪೂರ, ಬುಸ್ ಬುಸ್ ನೊರೆ

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸೋಪಿನ ದ್ರವ ಒಂದು ಮುಚ್ಚಳ ಹಾಕುತ್ತಿದ್ದವನು ಎರಡು ಹಾಕಿದೆ. ಘಮಘಮ ಬರಲಿ ಅಂತ ಕಂಡೀಷನರ್ ಧಾರಾಳವಾಗಿ ಸುರಿದೆ. ಖಾಲಿ ಡ್ರಮ್ಮಿನಲ್ಲಿ ಕರ್ಪೂರ ಇಟ್ಟೆ. ಡಾಂಬರು ಗುಳಿಗೆ ಇಡೋಕೂ ಹೋಗಿದ್ದೆ, ಅವ್ವ ಬೈದಳು ಅಂತ ಬಿಟ್ಟೆ. ಎರಡು ಸಲ ಒಗೆದರೆ ಸರಿ ಇರುತ್ತಿತ್ತು, ಮೂರನೇ ಸಲಕ್ಕೆ ಅದೇ ರಾಗ. ಮಗಳು ಒಂದು ದಿನ ಸ್ಕೂಲಿನಿಂದ ಬಂದು ಬ್ಯಾಗು ಎಸೆದು, "ಅಪ್ಪಾ, ಬೆವರು ಬಂದ ತಕ್ಷಣ ನನ್ ಯೂನಿಫಾರ್ಮ್ ನಾರುತ್ತೆ. ನಾನು ಸ್ನಾನ ಮಾಡಿಲ್ಲ ಅಂತ ಅನ್ಕೋತಾರೆ ಎಲ್ಲರೂ" ಅಂದಳು. ಬೆವರು ಬಂದ ತಕ್ಷಣ. ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ಆಮೇಲೆ ಮೊಬೈಲಿನ ವಿಡಿಯೋ ವೈದ್ಯರು. ಅಡುಗೆ ಸೋಡಾ ಹಾಕಿ, ಮೇಲೆ ವಿನೆಗರ್ ಸುರಿಯಿರಿ ಅಂದರು. ಸುರಿದೆ. ಬುಸ್ಸಂತ ನೊರೆ ಎದ್ದಿತು. ಏನೋ ದೊಡ್ಡ ಕೆಲಸ ನಡೀತಿದೆ ಅನ್ನೋ ಸಮಾಧಾನ. ಪಿಯುಸಿಯಲ್ಲಿ ಓದಿದ್ದು ಆಮೇಲೆ ನೆನಪಾಯಿತು. ವಿನೆಗರ್ ಆಮ್ಲ, ಸೋಡಾ ಕ್ಷಾರ. ಎರಡನ್ನೂ ಕೂಡಿಸಿದರೆ ಒಂದನ್ನೊಂದು ತಿಂದು ಹಾಕುತ್ತವೆ. ಉಳಿಯೋದು ನೀರು, ಸೋಡಿಯಂ ಅಸಿಟೇಟ್ ಅನ್ನೋ ಒಂದು ಸಾಧು ಉಪ್ಪು, ಗಾಳಿಗೆ ಹೋಗುವ ಇಂಗಾಲದ ಡೈಆಕ್ಸೈಡ್. ಬುಸ್ ಅಂದದ್ದು ಕೊಳೆಯಲ್ಲ, ಆ ಗಾಳಿ. ಬೇರೆ ಬೇರೆಯಾಗಿ ಬಳಸಿದರೆ ಎರಡಕ್ಕೂ ಒಂದಿಷ್ಟು ಉಪಯೋಗ ಇದೆ. ಒಟ್ಟಿಗೆ ಹಾಕಿದರೆ ಸುಮ್ನೆ ತಮಾಷೆ. ಪದೇ ಪದೇ ವಿನೆಗರ್ ಸುರಿದರೆ ಬಾಗಿಲಿನ ರಬ್ಬರಿಗೂ ಒಳ್ಳೆಯದಲ್ಲ.

ಇದು ತಮಾಷೆ. ತಮಾಷೆಯಲ್ಲದ ಒಂದಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಬ್ಲೀಚಿಂಗ್ ಪುಡಿ ಆಗಲಿ, ಬಾಟಲಿಯ ಬ್ಲೀಚ್ ಆಗಲಿ, ಅದನ್ನು ವಿನೆಗರ್, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಅಥವಾ ಕಕ್ಕಸು ತೊಳೆಯುವ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ನಮ್ಮ ಬಚ್ಚಲುಗಳಿಗೆ ಇರೋದು ಅಂಗೈಯಷ್ಟು ಕಿಟಕಿ. ಒಂದು ವಾಸನೆ ಕಳೆಯೋಕೆ ಹೋಗಿ ಆಸ್ಪತ್ರೆ ಸೇರಬಾರದು.

ಪರಾತ ತರಿಸಿದ ಹುಡುಗ

ಕೊನೆಗೆ ರಿಪೇರಿಯವನನ್ನು ಕರೆಸಿದೆ. ಇಪ್ಪತ್ತೈದರ ಆಸುಪಾಸಿನ ಹುಡುಗ. ಬೈಕಿನ ಮೇಲೆ ಒಂದು ಕ್ಯಾನ್ವಾಸ್ ಚೀಲ. ಹಿಂದಿನ ಮೂಲೆಗೆ ಕರೆದುಕೊಂಡು ಹೋದೆ. ಅಲ್ಲಿ ನಮ್ಮ ಮಷಿನ್ ಹೂವಿನ ಚಿತ್ರದ ಪ್ಲಾಸ್ಟಿಕ್ ಕವರ್ ಹೊದ್ದು, ಜಿಪ್ ಎಳೆಸಿಕೊಂಡು ನಿಂತಿತ್ತು. ಆ ಕವರ್ ಯಾಕೆ ಅಂತ ಈ ಕಡೆಯವರಿಗೆ ಹೇಳಬೇಕಾ? ಬೇಸಿಗೆಯಲ್ಲಿ ಕಿಟಕಿ ಒಂದು ಗಂಟೆ ತೆಗೆದಿಟ್ಟರೆ ಟಿವಿ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅದರಲ್ಲೂ ನಮ್ಮದು ಅರ್ಧ ತೆರೆದ ಜಾಗ, ಬರೀ ಗ್ರಿಲ್ಲು. ಕೆಂಪು ದೂಳು ನೇರ ಒಳಗೆ. ಮಷಿನ್ ಬಂದ ದಿನವೇ ಅಂಗಡಿಯಿಂದ ಕವರ್ ಕೂಡ ತಂದಿದ್ದೆವು.

ಹುಡುಗ ಜಿಪ್ ಎಳೆದು ಕವರ್ ತೆಗೆದ. ಒಳಗೆ ಪ್ಲಾಸ್ಟಿಕ್ಕಿಗೆ ಹನಿ ಕಟ್ಟಿತ್ತು. ಅವನು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ಮೊದಲು ಮಷಿನ್ ಮುಟ್ಟದೆ ಹಿಂದಕ್ಕೆ ಬಗ್ಗಿ ನೀರು ಹೋಗುವ ಪೈಪಿನ ಹತ್ತಿರ ಮೂಸಿದ. "ಇದು ಮೋರಿ ವಾಸನೆ ಅಲ್ಲಣ್ಣ. ಕೆಲವರ ಮನೇಲಿ ಪೈಪನ್ನ ಮೋರಿ ಒಳಗೆ ಉದ್ದಕ್ಕೆ ತೂರಿಸಿಬಿಟ್ಟಿರ್ತಾರೆ. ಅಲ್ಲಿಂದ ಗಾಳಿ ವಾಪಸ್ ಬರುತ್ತೆ. ಅದು ಕೊಳೆತ ಮೊಟ್ಟೆ ಥರ ಇರುತ್ತೆ. ನಿಮ್ದು ಅದಲ್ಲ" ಅಂದ. ವೈದ್ಯರು ನಾಡಿ ಹಿಡಿದ ಹಾಗೆ ಅವನು ಮೂಗು ಹಿಡಿದು ಹೇಳಿದ್ದು ನನಗೆ ಬಹಳ ಹಿಡಿಸಿತು.

ಆಮೇಲೆ ಬಾಗಿಲು ತೆಗೆದು, ಅದರ ಸುತ್ತ ಇರುವ ಬೂದು ಬಣ್ಣದ ದಪ್ಪ ರಬ್ಬರಿನ ತುಟಿಯನ್ನು ಎರಡೂ ಹೆಬ್ಬೆರಳಿಂದ ಹಿಂದಕ್ಕೆ ಮಡಚಿದ. ಗ್ಯಾಸ್ಕೆಟ್ ಅಂತಾರೆ ಅದಕ್ಕೆ. ನಾಲ್ಕು ವರ್ಷ ದಿನಾ ನೋಡಿದ್ದೆ, ಅದನ್ನು ಮಡಚಬಹುದು ಅಂತ ಗೊತ್ತಿರಲಿಲ್ಲ. ಒಳಮಡಿಕೆಯಲ್ಲಿ, ಕೆಳಗಡೆ, ಕರೀ ಲೋಳೆ. ಅದಕ್ಕೆ ಅಂಟಿಕೊಂಡು ನಮ್ಮ ಊರಿನ ಕೆಂಪು ಮಣ್ಣು, ಇಟ್ಟಂಗಿ ಪುಡಿಯ ಹಾಗೆ. ಅವ್ವನ ಬಿಳಿ ಕೂದಲು, ಮಗಳ ಕರಿ ಕೂದಲು, ಒಂದು ಹೇರ್‌ಪಿನ್ನು, ಎರಡು ರೂಪಾಯಿ ನಾಣ್ಯ, ಒಂದು ಹುಣಸೆ ಬೀಜ. ಅಷ್ಟರ ಕೆಳಗೆ ಮೂರು ಸಣ್ಣ ತೂತು. ಮಡಿಕೆಯಲ್ಲಿ ನಿಂತ ನೀರು ಒಳಗೆ ಇಳಿದುಹೋಗಲಿ ಅಂತ ಕಂಪನಿಯವರು ಕೊಟ್ಟ ತೂತುಗಳು. ಮೂರೂ ಮುಚ್ಚಿಹೋಗಿದ್ದವು. ಅಂದರೆ ಪ್ರತಿ ಸಲ ಒಗೆದ ಮೇಲೆ ಒಂದು ಲೋಟ ನೀರು ಅಲ್ಲೇ ನಿಲ್ಲುತ್ತಿತ್ತು. ನಾನು ಬಾಗಿಲು ಹಾಕಿ, ಕವರ್ ಹಾಕಿ, ಜಿಪ್ ಎಳೆದು ಅದನ್ನು ಜೋಪಾನ ಮಾಡುತ್ತಿದ್ದೆ.

"ಅಮ್ಮಾ, ಒಂದು ಪರಾತ ಇದ್ರೆ ಕೊಡಿ" ಅಂದ ಅವ್ವನಿಗೆ. ಅವ್ವ ರೊಟ್ಟಿ ಹಿಟ್ಟು ನಾದುವ ಪರಾತ ಬಿಟ್ಟು, ಹಳೇ ಅಲ್ಯೂಮಿನಿಯಂ ತಾಟು ತಂದಳು. ಮಷಿನ್ನಿನ ಕೆಳಗೆ ಬಲಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇದೆ. ಅದನ್ನು ತೆಗೆದು, ಅಲ್ಲಿದ್ದ ಕಿರುಬೆರಳು ಗಾತ್ರದ ಪೈಪಿನ ಬಿರಡೆ ಬಿಚ್ಚಿದ. ಕಪ್ಪು ನೀರು ಸುರಿಯಿತು. ತಾಟು ತುಂಬಿತು, ಚೆಲ್ಲಿದೆ. ಮತ್ತೆ ಅರ್ಧ ತುಂಬಿತು. ನೀರು ನಿಂತ ಮೇಲೆ ಗುಂಡಗಿನ ಫಿಲ್ಟರನ್ನು ತಿರುಗಿಸಿ ಹೊರಗೆಳೆದ. ಅದಕ್ಕೆ ಸುತ್ತಿಕೊಂಡಿದ್ದನ್ನು ನಾನು ವರ್ಣಿಸಲ್ಲ. ಅದರ ಮಧ್ಯೆ ನನ್ನ ಹಳೇ ಅಂಗಿಯ ಗುಂಡಿ ಇತ್ತು, ಅಷ್ಟು ಹೇಳುತ್ತೇನೆ. ಬಂದ ವಾಸನೆಗೆ ಅವ್ವ ಸೆರಗು ಮೂಗಿಗೆ ಒತ್ತಿಕೊಂಡು ಒಳಗೆ ಹೋದಳು.

ಸೋಪು ಹಾಕುವ ಡ್ರಾಯರನ್ನೂ ಪೂರ್ತಿ ಹೊರಗೆ ಎಳೆದ. ಅದೂ ಬಿಚ್ಚಿ ಬರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಕಂಡೀಷನರ್ ಹಾಕುವ ಮನೆಯಲ್ಲಿ ನುಂಗಿನ ಹಾಗೆ ಗಟ್ಟಿ ಲೋಳೆ. ಡ್ರಾಯರ್ ಕೂರುವ ಗೂಡಿನ ಮೇಲ್ಛಾವಣಿಗೆ ಟಾರ್ಚ್ ಬಿಟ್ಟು ತೋರಿಸಿದ. ಕಪ್ಪು ಚುಕ್ಕಿ, ಚಿತ್ರಾನ್ನಕ್ಕೆ ಸಾಸಿವೆ ಸಿಡಿದ ಹಾಗೆ. ಬೂಸಲು.

"ಕಾಣೋದು ಇಷ್ಟಣ್ಣ" ಅಂತ ಡ್ರಮ್ಮನ್ನು ಬೆರಳಿಂದ ಟಣ್ ಟಣ್ ಬಡಿದ. "ಇದು ಒಳಗಿನ ಡ್ರಮ್ಮು, ಸ್ಟೀಲು. ಇದರ ಆಚೆ ಇನ್ನೊಂದು ಪ್ಲಾಸ್ಟಿಕ್ ಟಬ್ ಐತೆ. ಎರಡರ ಮಧ್ಯೆ ಏನೈತೋ ಅದು ಕಾಣಲ್ಲ. ಪುಡಿ ಎಷ್ಟು ಹಾಕ್ತೀರಿ?" ಪುಡಿಯಲ್ಲ, ದ್ರವ, ಎರಡು ಮುಚ್ಚಳ ಅಂದೆ. ಅವನು ನಕ್ಕ. ಎಲ್ಲ ತೊಳೆದು ಜೋಡಿಸಿ, ಏನೂ ಹಾಕದೆ, ಬಟ್ಟೆ ಇಲ್ಲ, ಸೋಪಿಲ್ಲ, ಬರೀ ನೀರಿನ ಜಾಲಾಡುವ ಸುತ್ತು ಬಿಟ್ಟ. "ನೋಡ್ರಿ ಈಗ" ಅಂತ ಗಾಜಿನ ಬಾಗಿಲ ಮುಂದೆ ಕೂತ. ನಾನೂ ಕೂತೆ. ಎರಡು ನಿಮಿಷಕ್ಕೆ ಗಾಜಿಗೆ ನೊರೆ ಬಂತು. ಮೊದಲು ಗೆರೆಯಷ್ಟು, ಆಮೇಲೆ ಕಾಲುಭಾಗ. ಸೋಪು ಹಾಕದೆ ನೊರೆ! ಎಷ್ಟು ದಿನದ ಸೋಪೋ ಅದು. ಆ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೊರೆ ನೋಡಿದ ಆ ಐದು ನಿಮಿಷದಲ್ಲಿ ನನ್ನ ನಾಲ್ಕು ವರ್ಷದ ಹೆಮ್ಮೆ ಪೂರ್ತಿ ಜಾಲಾಡಿಹೋಯಿತು.

ನೀರಿಗೆ ಜಿಪುಣ, ಸೋಪಿಗೆ ಕರ್ಣ

ಹುಡುಗ ನಾನೂರು ರೂಪಾಯಿ ತಗೊಂಡು ಹೋದ ಮೇಲೆ ಕೂತು ಯೋಚಿಸಿದೆ. ಯಾಕೆ ಹೀಗಾಯಿತು? ನಮ್ಮ ಬಡಾವಣೆಗೆ ನಲ್ಲಿ ನೀರು ಬರೋದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಬಂದ ದಿನ ಸಂಪು, ಟ್ಯಾಂಕು, ಡ್ರಮ್ಮು, ಕೊಡ, ಕೊನೆಗೆ ಕುಕ್ಕರ್ ಕೂಡ ತುಂಬಿಟ್ಟುಕೊಳ್ಳುವವರು ನಾವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ತುಂಬಿದ ಡ್ಯಾಮು, ಕಣ್ಣೆದುರಿಗೆ ಹರಿದುಹೋಗುವ ನೀರು. ಗೇಟಿನ ಜಾಗಕ್ಕೆ ಉಕ್ಕಿನ ಹಲಗೆ ಇಳಿಸಿ ನೀರು ನಿಲ್ಲಿಸಿದರು ಅಂತ ಸುದ್ದಿ ಬಂದ ಮೇಲೂ ನನ್ನ ಹೆದರಿಕೆ ಹೋಗಲಿಲ್ಲ. ಬೇಸಿಗೆಗೆ ಏನು ಗತಿ ಅಂತ ಅವತ್ತಿನಿಂದಲೇ ಮಷಿನ್ನಿನಲ್ಲಿ ಹದಿನೈದು ನಿಮಿಷದ ಕ್ವಿಕ್ ವಾಶ್ ಶುರು ಮಾಡಿದೆ. ಇನ್ನೊಂದು ಸಲ ಜಾಲಾಡುವ ಗುಂಡಿ ಇತ್ತು, ಅದನ್ನು ಆಫ್ ಮಾಡಿಬಿಟ್ಟೆ. ಹರಿದುಹೋಗುವ ನೀರು ನಿಂತಿತು, ಗುಂಡಿ ಮಾತ್ರ ಆಫ್ ಆಗಿದ್ದು ಆಫ್ ಆದಂತೆಯೇ ಉಳಿಯಿತು.

ನಲ್ಲಿ ನೀರು ಮುಗಿದರೆ ಬೋರ್ ನೀರು. ಅದು ಸವಳು. ಕೆಟಲ್ ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟುತ್ತದೆ. ಫಿಲ್ಟರ್ ಮಾರೋಕೆ ಬಂದವನು ಟಿಡಿಎಸ್ ಪೆನ್ನು ಅದ್ದಿ ಸಾವಿರದ ಮೇಲೆ ತೋರಿಸಿ ಹೆದರಿಸಿ ಹೋಗಿದ್ದ. (ಆ ಪೆನ್ನು ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಂದಾಜು ಮಾಡಿ ತೋರಿಸುತ್ತದೆ, ಗಡಸುತನವನ್ನೇ ಬೇರೆಯಾಗಿ ಹೇಳಲ್ಲ. ಆದರೂ ಕೆಟಲ್ ಸುಳ್ಳು ಹೇಳಲ್ಲವಲ್ಲ.) ಸವಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದುಕೊಂಡು ಮೊಸರಿನ ಗಸಿಯಂಥ ಒಂದು ಜಿಡ್ಡು ಮಾಡುತ್ತವೆ. ಬಟ್ಟೆ ಒಗೆಯುವ ಡಿಟರ್ಜೆಂಟಿಗೆ ಇಷ್ಟು ಕಷ್ಟ ಇಲ್ಲ, ಆದರೂ ಅದರ ಕಸುವನ್ನು ಈ ನೀರು ಕುಗ್ಗಿಸುತ್ತದೆ. ನೊರೆ ಬರಲಿಲ್ಲ ಅಂತ ನಾವು ಇನ್ನಷ್ಟು ಸುರಿಯುತ್ತೇವೆ. ನಮಗೆ ನೊರೆ ಕಂಡರೇನೇ ಒಗೆದ ಹಾಗೆ, ಅಲ್ವಾ? ಆದರೆ ಮುಂದಿನ ಬಾಗಿಲಿನ ಮಷಿನ್ ಇರೋದೇ ಕಡಿಮೆ ನೀರಿನಲ್ಲಿ ಬಟ್ಟೆಯನ್ನು ಎತ್ತಿ ಎತ್ತಿ ಬಡಿಯೋಕೆ, ಒಗೆಯುವ ಕಲ್ಲಿನ ಮೇಲೆ ಬಡಿದ ಹಾಗೆ. ನೊರೆ ಜಾಸ್ತಿಯಾದರೆ ಬಟ್ಟೆ ದಿಂಬಿನ ಮೇಲೆ ಬಿದ್ದ ಹಾಗೆ ಮೆತ್ತಗೆ ಬೀಳುತ್ತದೆ, ಕೊಳೆ ಬಿಡಲ್ಲ. ಸೋಪು ಮಾತ್ರ ಉಳಿಯುತ್ತದೆ. ಜೊತೆಗೆ ಕಂಡೀಷನರ್. ಅದರ ಕೆಲಸವೇ ನೂಲಿಗೆ ಒಂದು ಜಿಡ್ಡಿನ ಲೇಪ ಬಳಿಯೋದು. ಟವೆಲ್ ಮೆತ್ತಗಾಗುತ್ತದೆ, ಆದರೆ ನೀರು ಹೀರಲ್ಲ. ಅದೇ ಜಿಡ್ಡು ಡ್ರಮ್ಮಿನ ಹಿಂದೆಯೂ ಕೂರುತ್ತದೆ. ಸೋಪು, ಜಿಡ್ಡು, ನಮ್ಮ ಮೈ ಬೆವರು, ಎಣ್ಣೆ, ತೊಗಲಿನ ಹೊಟ್ಟು, ಮೇಲೆ ಸಂಡೂರು ಕಡೆಯಿಂದ ಬಂದ ಕೆಂಪು ದೂಳು. ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಹೋಳಿಗೆ ಊಟ ಬೇಕಾ? ಊಟ ಬಡಿಸಿ, ಬಾಗಿಲು ಹಾಕಿ, ತಣ್ಣಗೆ ಕತ್ತಲು ಮಾಡಿ ಕೊಟ್ಟವನು ನಾನೇ.

ಬಿಸಿಲಿಗೂ ಬಗ್ಗದ್ದು

ಆದರೂ ಒಂದು ಪ್ರಶ್ನೆ ಉಳಿಯಿತು. ಮಷಿನ್ ಎಷ್ಟೇ ಗಬ್ಬಿರಲಿ, ಬಟ್ಟೆ ಒಣಗೋದು ಬಳ್ಳಾರಿ ಬಿಸಿಲಿನಲ್ಲಿ. ಆ ಬಿಸಿಲಿಗೆ ಯಾವ ಕ್ರಿಮಿ ಉಳಿದೀತು? ನಾನು ಬೀರುವಿನಿಂದ ತೆಗೆದಾಗ ಟವೆಲಿಗೆ ಯಾವ ವಾಸನೆಯೂ ಇರಲಿಲ್ಲ, ಇದನ್ನು ದೇವರಾಣೆ ಮಾಡಿ ಹೇಳಬಲ್ಲೆ.

ಓದುತ್ತಾ ಹೋದಾಗ ಜಪಾನಿನವರ ಒಂದು ಕೆಲಸ ಸಿಕ್ಕಿತು. ಮನೆಯೊಳಗೇ ಬಟ್ಟೆ ಒಣಹಾಕಬೇಕಾದ ಊರುಗಳವರು, ಈ ವಾಸನೆಯ ಮೇಲೆ ಅವರಿಗೆ ವಿಶೇಷ ಸಿಟ್ಟು. 2012ರಲ್ಲಿ ಅಲ್ಲಿನ ಸಂಶೋಧಕರು ಒದ್ದೆ ಬಟ್ಟೆಯ ಈ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ತೋರಿಸಿದರು. ಅದು ಬಟ್ಟೆಯಲ್ಲಿ ಉಳಿದ ಬೆವರು, ಎಣ್ಣೆ ತಿಂದು ಒಂದು ಬಗೆಯ ಕೊಬ್ಬಿನ ಆಮ್ಲ ಬಿಡುತ್ತದೆ. ಮೂಗಿಗೆ ಬಡಿಯೋದು ಆ ಆಮ್ಲ. ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ ಮಾತು ಅಂದರೆ, ಈ ಜೀವಿ ಒಣಗುವುದನ್ನೂ, ಬಿಸಿಲಿನ ನೇರಳಾತೀತ ಕಿರಣವನ್ನೂ ಬೇರೆಯವಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದಂತೆ. ಅಂದರೆ ನಮ್ಮ ಬಿಸಿಲಿನಲ್ಲಿ ಅದು ಪೂರ್ತಿ ಸಾಯೋದಿಲ್ಲ, ಮಲಗುತ್ತದೆ. ನೀರು ಬಿದ್ದ ಕೂಡಲೇ ಎದ್ದು ಕೂರುತ್ತದೆ.

ಆಗ ಎರಡೂ ಒಟ್ಟಿಗೆ ಹೊಳೆದವು. ಮಗಳ "ಬೆವರು ಬಂದ ತಕ್ಷಣ". ಮಾವನ ಒದ್ದೆ ಮುಖ. ನಾನು ಮುಟ್ಟಿದ್ದು ಒಣ ಟವೆಲ್, ಅವರು ಮೂಸಿದ್ದು ಒದ್ದೆ ಟವೆಲ್. ಎದ್ದು ಹೋಗಿ ಬೀರುವಿನ ಒಂದೊಂದೇ ಟವೆಲ್ ತೆಗೆದು, ಮೂಲೆಗೆ ನಾಲ್ಕು ಹನಿ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ಮೂಸಿದೆ. ಆರರಲ್ಲಿ ನಾಲ್ಕು ಫೇಲು. ನೀವೂ ಬೇಕಾದರೆ ನೋಡಿ, ಆದರೆ ನೆಂಟರು ಬರುವ ದಿನ ಬೇಡ.

ಬಿಸಿಲಿಗೆ ಬಗ್ಗದ್ದು ಬಿಸಿಗೆ ಬಗ್ಗುತ್ತದೆ. 60 ಡಿಗ್ರಿ ಬಿಸಿನೀರಿನಲ್ಲಿ ಒಗೆದರೆ ಇವುಗಳಲ್ಲಿ ಬಹುಪಾಲು ಉಳಿಯಲ್ಲ. ನಾವು ಮಷಿನ್ ಕೊಂಡಾಗಿನಿಂದ ತಣ್ಣೀರು ಬಿಟ್ಟು ಬೇರೆ ಬಳಸಿಯೇ ಇಲ್ಲ. ಬಳ್ಳಾರಿಯಲ್ಲಿ ಟ್ಯಾಂಕಿನ ನೀರೇ ಕಾದಿರುತ್ತಲ್ಲ, ಮತ್ಯಾಕೆ ಕಾಯಿಸೋದು ಅನ್ನೋ ಲೆಕ್ಕ. ಇದನ್ನು ಅವ್ವನಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅವಳ ತವರು ಹುಲಿಗಿ ಹತ್ತಿರದ ಹಳ್ಳಿ, ಹೊಳೆ ದಂಡೆ. "ಉಬ್ಬಿ ಹಾಕದ ಅರಿವಿ ಅರಿವೇನೋ?" ಅಂದಳು. ಅವಳು ಸಣ್ಣವಳಿದ್ದಾಗ ಮಡಿವಾಳರು ಬಟ್ಟೆ ಗಂಟು ಕತ್ತೆ ಮೇಲೆ ಹೇರಿಕೊಂಡು ಹೊಳೆಗೆ ಹೋಗುತ್ತಿದ್ದರು. ಚೌಳು ಮಣ್ಣು ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ, ದೊಡ್ಡ ಹಂಡೆಯ ಬಾಯಿ ಮೇಲೆ ಸುತ್ತಿ ಸುತ್ತಿ ಗೋಪುರದ ಹಾಗೆ ಪೇರಿಸಿ, ಕೆಳಗೆ ಬೆಂಕಿ ಹಾಕುತ್ತಿದ್ದರಂತೆ, ಅದೇ ಉಬ್ಬಿ. ರಾತ್ರಿಯೆಲ್ಲ ಹಬೆ. ಬೆಳಿಗ್ಗೆ ಹೊಳೆಯಲ್ಲಿ ಬಡಿದು ಜಾಲಾಡಿ ಮರಳಿನ ಮೇಲೆ ಹರವುವುದು. "ಹೊದ್ದುಕೊಂಡ್ರ ಏನೂ ವಾಸನಿ ಇರತಿರಲಿಲ್ಲ" ಅಂದಳು. ಚೌಳು ಮಣ್ಣು ಅಂದರೆ ಕ್ಷಾರ. ಹಬೆ ಅಂದರೆ ನೂರು ಡಿಗ್ರಿಯ ಹತ್ತಿರ. ಎಂಟು ಸಾವಿರ ರೂಪಾಯಿ ಜಾಸ್ತಿ ಕೊಟ್ಟು ನಾವು ತಂದ "ಹಾಟ್ ವಾಶ್" ಗುಂಡಿಯ ಕೆಲಸ ಅದೇ.

ನಮ್ಮ ಪಕ್ಕದ ಮನೆಯವರು ಕೌಲ್‌ಬಜಾರ್ ಕಡೆ ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಬಹಳ ವರ್ಷ ಇದ್ದವರು. ಬಳ್ಳಾರಿ ಜೀನ್ಸ್ ಎಷ್ಟೋ ಊರು ತಲುಪುತ್ತದೆ ಅನ್ನೋದು ನಮಗೆ ಗೊತ್ತು, ಅದು ಹೊಲಿದ ಮೇಲೆ ಇಲ್ಲೇ ಒಗೆಸಿಕೊಂಡು ಹೋಗುತ್ತದೆ ಅನ್ನೋದು ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಅವರನ್ನು ಕೇಳಿದೆ, ನಿಮ್ಮ ಮಷಿನ್ನುಗಳೂ ಹೀಗೆ ನಾರುತ್ತಿದ್ದವಾ ಅಂತ. ನಕ್ಕರು. "ಅವು ಖಾಲಿ ಕೂತರೆ ತಾನೇ ನಾರೋದು? ಕಲ್ಲು, ಎಂಜೈಮ್ ಎಲ್ಲ ಬಿಸಿನೀರಲ್ಲೇ. ಕೊನೆಗೆ ಆ ಎಂಜೈಮ್ ಕೆಲಸ ನಿಲ್ಲಿಸೋಕೆ ಇನ್ನೂ ಬಿಸಿ ಮಾಡ್ತಿದ್ವಿ. ರಾತ್ರಿ ಮನೆಗೆ ಹೋಗೋವಾಗ ಬಾಗಿಲು ತೆಗೆದೇ ಬಿಟ್ಟು ಹೋಗ್ತಿದ್ವಿ." ಊರು ತುಂಬ ಒಗೆಯೋದು ಗೊತ್ತಿರುವವರೇ ಇದ್ದಾರೆ. ನಾನು ವಿಡಿಯೋ ನೋಡುತ್ತಾ ಕೂತಿದ್ದೆ.

ಗಡಿಗೆಯ ಲೆಕ್ಕ

ಬಾಗಿಲು ತೆಗೆದೇ ಬಿಡಬೇಕು ಅಂತ ರಿಪೇರಿ ಹುಡುಗನೂ ಹೇಳಿದ್ದ. ಅವ್ವ ಅದನ್ನು ಕೇಳಿಸಿಕೊಂಡು, "ಹಂಗಾದ್ರ ಇದೂ ಒಂದು ಗಡಿಗೀನ ಬಿಡು. ಬೋರಲು ಹಾಕಾಕ ಬರಂಗಿಲ್ಲ, ಅಷ್ಟ" ಅಂದಿದ್ದಳು. ನನಗೆ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗಿದ್ದು ಅದು. ಮೊಸರಿನ ಗಡಿಗೆ ತೊಳೆದು ನೀರು ಬಸಿಯಲಿ ಅಂತ ಬೋರಲು ಹಾಕುತ್ತೇವೆ, ಆಮೇಲೆ ಬಾಯಿ ಮೇಲೆ ಮಾಡಿ ಬಿಸಿಲಿಗೆ ಇಡುತ್ತೇವೆ. ಒದ್ದೆ ಗಡಿಗೆಗೆ ಮುಚ್ಚಳ ಹಾಕಿ ಬಟ್ಟೆ ಕಟ್ಟಿ ಮೂಲೆಗೆ ಇಟ್ಟರೆ ನಾಳೆ ಅದರಲ್ಲಿ ಹೆಪ್ಪು ಹಾಕೋಕೆ ಆಗುತ್ತಾ? ಅಡುಗೆಮನೆಯಲ್ಲಿ ಇಷ್ಟು ತಿಳಿದವರು ನಾವು, ಮಷಿನ್ ಅಂದ ಕೂಡಲೇ ಅದು ಪಾತ್ರೆ ಅನ್ನೋದನ್ನೇ ಮರೆತೆವು. ಒಗೆಯುವ ವಸ್ತುವಿಗೆ ತೊಳೆಸಿಕೊಳ್ಳುವ ಅಗತ್ಯ ಇರಲ್ಲ ಅಂತ ಎಲ್ಲೋ ಅನಿಸಿಬಿಟ್ಟಿರುತ್ತದೆ. ದಿನಾ ಸೋಪು ನೀರು ಕುಡಿಯುವ ಡಬ್ಬಿ ಹೇಗೆ ಕೊಳೆಯಾದೀತು ಅಂತ.

ಈಗಿನ ನಡವಳಿಕೆ ಹೀಗಿದೆ. ಸೋಪು ಮುಕ್ಕಾಲು ಮುಚ್ಚಳ. ಬೋರ್ ನೀರಿನ ದಿನ ಪೂರ್ತಿ ಒಂದು, ಅದಕ್ಕಿಂತ ಜಾಸ್ತಿ ಇಲ್ಲ. ಟವೆಲ್, ಹಾಸಿಗೆ ಬಟ್ಟೆಗೆ ದ್ರವ ಬಿಟ್ಟು ಪುಡಿಗೆ ವಾಪಸ್ ಬಂದೆ. ಬಿಳಿ ಮಾಡುವ ಆಮ್ಲಜನಕದ ಬ್ಲೀಚ್ ಇರುವ ಪುಡಿ ಸಿಗುತ್ತದೆ, ಅದು ದ್ರವದಲ್ಲಿ ಸಾಮಾನ್ಯವಾಗಿ ಇರಲ್ಲ. ಅವನ್ನು ವಾರಕ್ಕೊಮ್ಮೆ 60 ಡಿಗ್ರಿಯಲ್ಲಿ ಒಗೆಯುತ್ತೇನೆ. ಕಂಡೀಷನರ್ ಬಾಟಲಿ ಮುಗಿದ ಮೇಲೆ ಮತ್ತೆ ತರಲಿಲ್ಲ. ಇನ್ನೊಂದು ಸಲ ಜಾಲಾಡುವ ಗುಂಡಿ ಮತ್ತೆ ಹಾಕಿದ್ದೇನೆ. ಆ ಕೊನೆಯ ನೀರನ್ನು ಬಕೆಟ್ಟಿಗೆ ಹಿಡಿದು ಅಂಗಳ, ಸ್ಕೂಟರ್ ತೊಳೆಯುತ್ತೇನೆ, ಹಾಗಾಗಿ ಹೊಟ್ಟೆ ಉರಿಯಲ್ಲ. ರಾತ್ರಿ ಹನ್ನೊಂದಕ್ಕೆ ಮಷಿನ್ ಹಾಕಿ ಮಲಗಿ, ಬೆಳಿಗ್ಗೆ ಏಳಕ್ಕೆ ಬಟ್ಟೆ ತೆಗೆಯುವ ಸೋಮಾರಿತನ ನಿಂತಿದೆ. ಒದ್ದೆ ಬಟ್ಟೆ ಆ ಡಬ್ಬಿಯಲ್ಲಿ ರಾತ್ರಿ ಕಳೆದರೆ ಯಾವ ಪುಡಿಯೂ ಕಾಪಾಡಲ್ಲ.

ಖಾಲಿ ಡ್ರಮ್ಮನ್ನು ಬಿಸಿನೀರಲ್ಲಿ ತೊಳೆಯುವ ಸುತ್ತನ್ನು ತಿಂಗಳಿಗೊಮ್ಮೆ ಹಾಕಬೇಕು ಅಂತ ಮಷಿನ್ ಪುಸ್ತಕದಲ್ಲೇ ಬರೆದಿತ್ತು. ನಾಲ್ಕು ವರ್ಷದಿಂದ ಆ ಪುಸ್ತಕ ಟಿವಿ ಕೆಳಗೆ ಹಾಗೇ ಇತ್ತು. ನನಗೆ ತಾರೀಕು ನೆನಪಿರಲ್ಲ. ಅವ್ವ ಅದನ್ನು ಅಮಾವಾಸ್ಯೆಗೆ ಕಟ್ಟಿದಳು. ಹೇಗಿದ್ದರೂ ಅವತ್ತು ಸ್ಕೂಟರ್ ತೊಳೆದು ಕಾಯಿ ಒಡೆಯುತ್ತೇವೆ. ಈಗ ಅದೇ ದಿನ ಗ್ಯಾಸ್ಕೆಟ್ ಮಡಚಿ ಒರೆಸೋದು, ತಾಟು ಇಟ್ಟು ಫಿಲ್ಟರ್ ತೆಗೆಯೋದು, ಆಮೇಲೆ ಖಾಲಿ ಬಿಸಿ ಸುತ್ತು. ಮೂರು ಅಮಾವಾಸ್ಯೆಗೊಮ್ಮೆ ಡ್ರಮ್ಮಿಗೆ ನೂರು ಗ್ರಾಂ ನಿಂಬೆ ಉಪ್ಪು ಹಾಕುತ್ತೇನೆ, ಸವಳಿನ ಪದರ ಕರಗಲಿ ಅಂತ. ಅದರ ಜೊತೆ ಬೇರೆ ಏನೂ ಇಲ್ಲ. ಮಷಿನ್ನಿಗೂ ಕುಂಕುಮ ಹಚ್ಚುತ್ತಾಳೆ ಅವ್ವ. ಸೋಪಿನ ಡ್ರಾಯರ್ ಮೇಲೆ ಒಂದು ಬೊಟ್ಟು.

ಬಾಗಿಲಿನದೇ ಜಗಳ. ಹೆಂಡತಿ ಶನಿವಾರ ಬಂದವಳು ತೆರೆದ ಬಾಗಿಲು ನೋಡಿ, "ಕವರ್ ಎಲ್ಲಿ? ಹಲ್ಲಿ ಹೋಗಿ ಕೂತರೆ? ಈ ದೂಳೆಲ್ಲ ಒಳಗೆ ಹೋಗಲ್ವಾ?" ಅಂತ ಮುಚ್ಚುತ್ತಾಳೆ. ಅವಳು ಹೇಳೋದೂ ಸುಳ್ಳಲ್ಲ. ನಾನು ತೆಗೆಯುತ್ತೇನೆ. ಭಾನುವಾರ ಸಂಜೆ ಅವಳು ಬಸ್ ಹತ್ತುವವರೆಗೆ ಆ ಬಾಗಿಲು ಹತ್ತು ಸಲ ತೆಗೆದು ಹಾಕಿ ಆಗಿರುತ್ತದೆ. ಕೊನೆಗೆ ರಾಜಿ ಆದದ್ದು ನೀಲಿ ಟವೆಲಿನಿಂದ. ಅದು ಮಾತ್ರ ಸರಿಹೋಗಲೇ ಇಲ್ಲ. ಮೂರು ಸಲ ಬಿಸಿನೀರಲ್ಲಿ ಒಗೆದೆ, ಒಂದು ಸಲ ಹಂಡೆಯಲ್ಲಿ ಕುದಿಸಿದೆ, ನೀರು ಚಿಮುಕಿಸಿದರೆ ಮತ್ತೆ ಸಣ್ಣಗೆ ಅದೇ ರಾಗ. ಈಗ ಮಷಿನ್ ಬಾಗಿಲನ್ನು ನಾಲ್ಕು ಬೆರಳು ತೆರೆದು, ಮೇಲಿಂದ ಆ ಟವೆಲನ್ನು ಪರದೆಯ ಹಾಗೆ ಇಳಿಬಿಟ್ಟಿದ್ದೇವೆ. ಗಾಳಿ ಆಡುತ್ತದೆ, ದೂಳು ಅದಕ್ಕೇ ಮೆತ್ತುತ್ತದೆ. ಯಾವಾಗಲೂ ಒಣಗೇ ಇರುತ್ತದೆ, ಹಾಗಾಗಿ ವಾಸನೆಯೂ ಇಲ್ಲ.

ದಸರೆಗೆ ಮಾವ ಮತ್ತೆ ಬಂದಿದ್ದರು. ನಾನು ಕಾಯುತ್ತಲೇ ಇದ್ದೆ. ಅವರು ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನೀರು ಚಿಮುಕಿಸಿ, ಮೂಸಿ, ಪಾಸಾದ ಟವೆಲ್. ಮಾವ ನನ್ನನ್ನು ದಾಟಿಕೊಂಡು ಹೋಗುತ್ತಾ ಹೆಗಲ ಮೇಲಿನ ವಲ್ಲಿ ಎಳೆದು ಮುಖ ಒರೆಸಿಕೊಂಡರು. "ಮಾವ, ಟವೆಲ್" ಅಂದೆ. "ಇರಲಿ ಬಿಡಪ್ಪ, ನನ್ನ ವಲ್ಲಿ ಐತಲ್ಲ" ಅಂದರು. ಅಡುಗೆಮನೆಯಿಂದ ಅವ್ವ ನಗುತ್ತಿದ್ದಳು. "ಅವಗ ಕೊಡಬ್ಯಾಡ. ಸಣ್ಣಾವಿದ್ದಾಗಿಂದ ಅವ ಇನ್ನೊಬ್ಬರ ಟವೆಲಿನಾಗ ಮಾರಿ ಒರಸಿಕೊಂಡಾವಲ್ಲ."